ಒಂದೇ ಬಿಎಂಐ, ಎರಡು ದೇಹ: ವೈದ್ಯರಿಬ್ಬರ ಪ್ರಕರಣ

"ನಾನೇನು ದಪ್ಪ ಇಲ್ಲವಲ್ಲ ಡಾಕ್ಟ್ರೇ, ನನಗೆ ಹೇಗೆ ಶುಗರ್ ಬಂತು?"

ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ಈ ಪ್ರಶ್ನೆ ಹಳೆಯದು. ಕೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕೈಕಾಲು ಸಣ್ಣಗಿರುತ್ತವೆ. ಮುಖ ತುಂಬಿಕೊಂಡಿರುವುದಿಲ್ಲ. ತೂಕ ನೋಡಿದರೆ ಎಲ್ಲ ಸರಿಯಾಗೇ ಇದೆ. ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಅದು ವಯಸ್ಸಿಗೆ ಬರುವಂಥದ್ದು ಅಂತ ಮನೆಯವರೆಲ್ಲ ಒಪ್ಪಿಕೊಂಡಿರುತ್ತಾರೆ.

ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಇಬ್ಬರು ವೈದ್ಯರ ಒಂದು ಚಿತ್ರ. ಅದನ್ನೇ ಇಲ್ಲಿ ಪ್ರಕರಣವಾಗಿ ತೆಗೆದುಕೊಂಡಿದ್ದೇನೆ. ಇಬ್ಬರೂ ತಮ್ಮ ಹೆಸರು ಹಾಕಿಯೇ ಅದನ್ನು ಪ್ರಕಟಿಸಿದ್ದರಿಂದ ಇಲ್ಲಿ ಗುಟ್ಟೇನೂ ಇಲ್ಲ.

ಚಿತ್ರದಲ್ಲಿ ಏನಿತ್ತು

2004ರ ಜನವರಿಯಲ್ಲಿ ಲಂಡನ್ನಿನ ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ಚಿತ್ರದ ಜೊತೆ ಒಂದು ಪುಟ್ಟ ಬರಹ ಬಂತು. ಬರೆದವರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. (ಸಕ್ಕರೆಯ ವಿರುದ್ಧ ಬರೆದು ಹೆಸರಾದ ಹಳೆಯ ಜಾನ್ ಯುಡ್ಕಿನ್ ಬೇರೆ, ಇವರು ಬೇರೆ.) ಇಬ್ಬರೂ ಮಧುಮೇಹದ ಬಗ್ಗೆ ಕೆಲಸ ಮಾಡಿದವರು. ಇಬ್ಬರ ಅಡ್ಡಹೆಸರೂ ಇಂಗ್ಲಿಷಿನ ವೈ ಅಕ್ಷರದಿಂದ ಶುರುವಾಗುತ್ತದೆ. ಅದಕ್ಕೇ ಅದು 'ವೈ–ವೈ ಒಗಟು' ಎಂದು ಪ್ರಸಿದ್ಧವಾಯಿತು.

ಇಬ್ಬರ ಬಿಎಂಐ ಒಂದೇ, 22.3. ಬಿಎಂಐ ಅಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ಯಾವ ಪಟ್ಟಿಯಲ್ಲಿ ನೋಡಿದರೂ 22.3 ಅಂದರೆ ಸಾಧಾರಣ ತೂಕ. ಆದರೆ ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿದಾಗ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು 9.1 ಶೇಕಡ ಇತ್ತು. ಯಾಜ್ಞಿಕ್ ಅವರ ಮೈಯಲ್ಲಿ 21.2 ಶೇಕಡ. ಎರಡು ಪಟ್ಟಿಗಿಂತಲೂ ಜಾಸ್ತಿ!

ಲೆಕ್ಕಕ್ಕೆ ಇಬ್ಬರದ್ದೂ 65 ಕೆಜಿ ಎಂದಿಟ್ಟುಕೊಳ್ಳೋಣ. ಒಬ್ಬರಲ್ಲಿ ಸುಮಾರು 6 ಕೆಜಿ ಕೊಬ್ಬು, ಇನ್ನೊಬ್ಬರಲ್ಲಿ ಸುಮಾರು 14 ಕೆಜಿ. ಒಟ್ಟು ತೂಕ ಒಂದೇ ಆದ್ದರಿಂದ ಕೊಬ್ಬು ಜಾಸ್ತಿ ಇರುವವರಲ್ಲಿ ಇನ್ನೇನೋ ಅಷ್ಟೇ ಕಡಿಮೆ ಇರಲೇಬೇಕು. ಆ ಕಡಿಮೆಯಾದದ್ದು ಬಹುಪಾಲು ಮಾಂಸಖಂಡ. ಊಟದಿಂದ ಬಂದ ಸಕ್ಕರೆಯನ್ನು ರಕ್ತದಿಂದ ಹೀರಿಕೊಳ್ಳುವ ದೊಡ್ಡ ಜಾಗ ಮಾಂಸಖಂಡವೇ. ಅಂದರೆ ನಷ್ಟ ಎರಡು ಕಡೆಯಿಂದ.

ವ್ಯತ್ಯಾಸಕ್ಕೆ ಕಾರಣ ಏನಿರಬಹುದು ಅಂತಲೂ ಅವರು ಬರೆದಿದ್ದರು. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಅವರ ಓಟವೆಲ್ಲ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವುದರೊಳಗೆ ಒಳಗೆ ಸೇರುವುದಕ್ಕೆ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಯಾಜ್ಞಿಕ್ ಹುಟ್ಟಿದಾಗ ಅವರ ತೂಕ ಕಡಿಮೆ ಇತ್ತು ಎಂಬುದನ್ನೂ ಸೇರಿಸಿದರು. ನನಗೆ ಇಡೀ ಬರಹದಲ್ಲಿ ಮುಖ್ಯ ಅನ್ನಿಸುವುದು ಆ ಒಂದು ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಎಚ್ಚರ. 21.2 ಶೇಕಡ ಕೊಬ್ಬು ಅನ್ನುವುದು ಕಾಯಿಲೆಯಲ್ಲ. ಚಿತ್ರ ಹೇಳುವುದು ಕೊಬ್ಬಿನ ಪ್ರಮಾಣವನ್ನು ಮಾತ್ರ. ಕಾಯಿಲೆ ಬರುತ್ತದೋ ಇಲ್ಲವೋ ಎಂಬುದು ಆ ಕೊಬ್ಬು ಎಲ್ಲಿ ಕೂತಿದೆ, ಇನ್ನೂ ಎಷ್ಟು ಕೂರಲು ಜಾಗವಿದೆ ಎಂಬುದರ ಮೇಲೆ ನಿಂತಿದೆ.

ತೂಕದ ಯಂತ್ರದ ಮೇಲೆ ನಮಗಿರುವ ನಂಬಿಕೆಯನ್ನು ಆ ಬರಹ ಅಲುಗಿಸಿತು. ಅದೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ ಬಿಎಂಐ 23 ದಾಟಿದರೇ ಎಚ್ಚರ ಬೇಕು ಎಂದರು. 2009ರಲ್ಲಿ ಭಾರತದ ವೈದ್ಯರು ಸೇರಿ 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು ಅಂತ ಗೆರೆ ಎಳೆದರು. ಒಳ್ಳೆಯ ಹೆಜ್ಜೆಯೇ. ಆದರೆ ನಮ್ಮ ಪ್ರಕರಣದ ಸಂಖ್ಯೆ ನೋಡಿ, 22.3. ಬಿಗಿ ಮಾಡಿದ ಗೆರೆಯೂ ಇದನ್ನು ಹಿಡಿಯುವುದಿಲ್ಲ.

ಕೊಬ್ಬು ಅಂದರೆ ಕಣಜ

ಕೊಬ್ಬನ್ನು ಬೈಯುವ ಮೊದಲು ಅದು ಮಾಡುವ ಕೆಲಸ ತಿಳಿಯಬೇಕು. ಹೊಟ್ಟೆ ತುಂಬಾ ತಿಂದ ದಿನ ಮಿಕ್ಕಿದ್ದನ್ನು ಅದು ತೆಗೆದಿಡುತ್ತದೆ. ಏಕಾದಶಿ ಉಪವಾಸ ಮಾಡಿದರೆ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಒಂದು ದಿನಕ್ಕೆ ಹೆಚ್ಚುಕಡಿಮೆ ಖಾಲಿ. ಅದು ಕರಗುತ್ತ ಹೋದ ಹಾಗೆ ನಮ್ಮನ್ನು ನಡೆಸುವುದು ಕೊಬ್ಬು. ಹಳೆಯ ಮನೆಗಳಲ್ಲಿ ಇದ್ದ ಕಣಜದ ಹಾಗೆ.

ಕಣಜ ತುಂಬುವುದು ಕೆಟ್ಟದ್ದಲ್ಲ. ತುಂಬಿದ ಮೇಲೂ ಭತ್ತ ಬರುತ್ತಲೇ ಇದ್ದರೆ ತೊಂದರೆ. ಮೂಟೆಗಳನ್ನು ಪಡಸಾಲೆಯಲ್ಲಿ ಇಡುತ್ತೀರಿ. ಆಮೇಲೆ ಅಡುಗೆಮನೆಯಲ್ಲಿ. ಆಮೇಲೆ ಒಲೆಯ ಪಕ್ಕದಲ್ಲೇ. ಆಗ ಮನೆಯ ಯಾವ ಕೆಲಸವೂ ಸರಿಯಾಗಿ ನಡೆಯುವುದಿಲ್ಲ. ಕಣಜ ಸಣ್ಣದಿದ್ದ ಮನೆಗೆ ಸಾಧಾರಣ ಬೆಳೆಯೇ ಜಾಸ್ತಿಯಾಗಿಬಿಡುತ್ತದೆ.

ದೇಹದಲ್ಲಿ ಕಣಜ ಅಂದರೆ ಚರ್ಮದ ಕೆಳಗಿನ ಕೊಬ್ಬು, ಅದರಲ್ಲೂ ತೊಡೆ, ಪಿರ್ರೆಗಳ ಕೊಬ್ಬು. ಅದು ತುಂಬಿದ ಮೇಲೆ ಮಿಕ್ಕದ್ದು ಹೊಟ್ಟೆಯೊಳಗೆ ಕರುಳಿನ ಸುತ್ತ ಕೂರುತ್ತದೆ. ಆಮೇಲೆ ಲಿವರ್‌ಗೆ, ಮಾಂಸಖಂಡಕ್ಕೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನ್ ತಯಾರಿಸುವ ಪ್ಯಾಂಕ್ರಿಯಾಸ್‌ಗೆ ಹೋಗುತ್ತದೆ. ಇವು ಕೊಬ್ಬು ಇಡುವ ಜಾಗಗಳಲ್ಲ.

ಎಲ್ಲಿ ಕೂರುತ್ತದೆ ಎಂಬುದೇ ಮುಖ್ಯ ಅಂತ ಮೊದಲು ಒತ್ತಿ ಹೇಳಿದವರು ಫ್ರಾನ್ಸಿನ ಮಾರ್ಸೇ ಊರಿನ ವೈದ್ಯ ಜಾನ್ ವಾಗ್. ಅದು 1947. ಸೊಂಟದ ಮೇಲೆ ಕೊಬ್ಬು ಸೇರುವವರಿಗೆ ಮಧುಮೇಹ, ಹೃದಯದ ಕಾಯಿಲೆ ಜಾಸ್ತಿ, ತೊಡೆಯಲ್ಲಿ ಸೇರುವವರಿಗೆ ಕಡಿಮೆ ಎಂದು ಅವರು ಕಂಡರು. ಅವರ ಮಾತಿಗೆ ಬೆಲೆ ಬರಲು ದಶಕಗಳೇ ಬೇಕಾದವು. ಆ ಕಾಲದಲ್ಲಿ ಕೊಬ್ಬು ಅಂದರೆ ಸುಮ್ನೆ ಬಿದ್ದಿರುವ ಮುದ್ದೆ ಅಂತಲೇ ಹೆಚ್ಚಿನವರು ತಿಳಿದಿದ್ದರು.

ಆ ತಿಳುವಳಿಕೆ ಬದಲಾದದ್ದು 1990ರ ದಶಕದಲ್ಲಿ. ಊತಕ್ಕೆ ಕಾರಣವಾಗುವ ಟಿಎನ್‌ಎಫ್ ಆಲ್ಫಾ ಎಂಬ ವಸ್ತು ಬೊಜ್ಜು ಬಂದ ಪ್ರಾಣಿಗಳ ಕೊಬ್ಬಿನಲ್ಲೇ ತಯಾರಾಗುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ ಎಂದು 1993ರಲ್ಲಿ ಗೊತ್ತಾಯಿತು. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಕಂಡುಹಿಡಿಯಿತು. ಲೆಪ್ಟಿನ್ ಕೊಬ್ಬಿನ ಕೋಶಗಳು ಮೆದುಳಿಗೆ ಕಳಿಸುವ ಸುದ್ದಿ: ಕಣಜದಲ್ಲಿ ಇಷ್ಟು ಇದೆ, ಇನ್ನು ಸಾಕು. ಮರುವರ್ಷ ಅಡಿಪೊನೆಕ್ಟಿನ್ ಸಿಕ್ಕಿತು. ಇದು ಇನ್ಸುಲಿನ್‌ಗೆ ಸಹಾಯ ಮಾಡುವ ಹಾರ್ಮೋನ್. ಕೊಬ್ಬಿನ ಕೋಶವೇ ಇದನ್ನು ಮಾಡುತ್ತದೆ. ಆದರೆ ಕೋಶ ಉಬ್ಬಿದಷ್ಟೂ ಇದು ಕಡಿಮೆಯಾಗುತ್ತದೆ.

ಕೋಶ ಉಬ್ಬುವುದು ಅಂದೆ. ಇಲ್ಲೇ ಕಷ್ಟ ಶುರುವಾಗುವುದು. ದೊಡ್ಡವರಾದ ಮೇಲೆ ಕೊಬ್ಬಿನ ಕೋಶಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಪ್ರತಿ ವರ್ಷ ಸುಮಾರು 10 ಶೇಕಡ ಹಳೆಯವು ಸತ್ತು ಹೊಸವು ಬರುತ್ತವೆ, ಲೆಕ್ಕ ಮಾತ್ರ ಅಷ್ಟೇ. ಹಾಗಾಗಿ ಹೊಸ ಕೊಬ್ಬು ಬಂದಾಗ ಬಹಳ ಮಟ್ಟಿಗೆ ಇದ್ದ ಕೋಶಗಳೇ ಹಿಗ್ಗಬೇಕು. ತುಂಬಾ ಹಿಗ್ಗಿದ ಕೋಶಕ್ಕೆ ಆಮ್ಲಜನಕ ಸಾಲುವುದಿಲ್ಲ. ಕೆಲವು ಸಾಯುತ್ತವೆ. ಅವನ್ನು ತೆಗೆಯಲು ರಕ್ಷಣಾ ಕೋಶಗಳು ಬಂದು ಸುತ್ತುವರಿಯುತ್ತವೆ. ಗಾಯವೇ ಇಲ್ಲದ ಕಡೆ ಸಣ್ಣ ಉರಿಯೂತ ವರ್ಷಗಟ್ಟಲೆ ಇರುತ್ತದೆ. ಜ್ವರ ಬರುವುದಿಲ್ಲ, ನೋವಿಲ್ಲ. ಇಂಥ ಕೋಶ ಇನ್ಸುಲಿನ್ ಮಾತು ಕೇಳುವುದನ್ನು ಬಿಡುತ್ತದೆ. ಹಿಡಿದಿಟ್ಟುಕೊಳ್ಳಬೇಕಾದ ಕೊಬ್ಬನ್ನು ಹಗಲೂ ರಾತ್ರಿ ರಕ್ತಕ್ಕೆ ಸುರಿಯುತ್ತದೆ.

ಸುರಿದದ್ದರ ಬಹುಪಾಲು ಪೆಟ್ಟು ಲಿವರ್‌ಗೆ. ಲಿವರ್‌ನಲ್ಲಿ ಕೊಬ್ಬು ಸೇರಿದರೆ ಅದಕ್ಕೂ ಇನ್ಸುಲಿನ್ ಮಾತು ಕೇಳಿಸುವುದಿಲ್ಲ. ಊಟವಾಗಿದೆ, ಸಕ್ಕರೆ ಮಾಡುವುದು ನಿಲ್ಲಿಸು ಅಂದರೂ ಮಾಡುತ್ತಲೇ ಇರುತ್ತದೆ. ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ ಜಾಸ್ತಿ ಬರುವುದು ಬಹಳಷ್ಟು ಇದೇ ಕಾರಣಕ್ಕೆ. ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ಜಾಸ್ತಿಯಾದಾಗ ಹೆಚ್ಚಾಗಿ ತಿಂದ ಅನ್ನ, ಮುದ್ದೆ, ಸಕ್ಕರೆ ಕೂಡ ಲಿವರ್‌ನಲ್ಲೇ ಕೊಬ್ಬಾಗಿ ಬದಲಾಗುತ್ತದೆ. ತುಪ್ಪ ಬಿಟ್ಟಿದ್ದೇನೆ, ಎಣ್ಣೆ ಬಿಟ್ಟಿದ್ದೇನೆ, ಆದರೂ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ ಎಂದು ಬೇಸರ ಮಾಡಿಕೊಳ್ಳುವವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು. ತಟ್ಟೆಯಲ್ಲಿ ಅನ್ನದ ಗುಡ್ಡ ಹಾಗೇ ಇದ್ದರೆ ತುಪ್ಪ ಬಿಟ್ಟು ಪ್ರಯೋಜನ ಕಡಿಮೆ.

ಲಿವರ್ ತನ್ನ ಕೊಬ್ಬನ್ನು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಕಳಿಸುತ್ತದೆ. ಲ್ಯಾಬ್ ರಿಪೋರ್ಟ್‌ನಲ್ಲಿ ಟ್ರೈಗ್ಲಿಸರೈಡ್ ಮೇಲೆ, ಒಳ್ಳೆಯ ಕೊಲೆಸ್ಟ್ರಾಲ್ ಕೆಳಗೆ. ಬಿಪಿ ಏರುತ್ತದೆ. ಇವೆಲ್ಲ ಒಂದೇ ಬೇರಿನ ಕೊಂಬೆಗಳು ಅಂತ 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಹೇಳಿದರು. ಬೇರು ಅಂದರೆ ಇನ್ಸುಲಿನ್‌ಗೆ ದೇಹ ಕಿವುಡಾಗುವುದು. ಈ ಕಿವುಡುತನ ಕೆಲವರಲ್ಲಿ ಹೊರಗೂ ಕಾಣುತ್ತದೆ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಕೊಳೆ ಅಂತ ಮಕ್ಕಳ ಕತ್ತನ್ನು ಕಡಲೆಹಿಟ್ಟು ಹಾಕಿ ತಿಕ್ಕುತ್ತಾರೆ. ತಿಕ್ಕಿದರೆ ಹೋಗುವಂಥದ್ದಲ್ಲ. ಡಾಕ್ಟರಿಗೆ ತೋರಿಸಬೇಕು.

ಕೊನೆಗೆ ಪ್ಯಾಂಕ್ರಿಯಾಸ್‌ನಲ್ಲೂ ಕೊಬ್ಬು ಸೇರುತ್ತದೆ. ಇನ್ಸುಲಿನ್ ಮಾಡುವ ಕೋಶಗಳು ಸೋಲುತ್ತವೆ. ಆವತ್ತು ರಿಪೋರ್ಟ್‌ನಲ್ಲಿ ಮಧುಮೇಹ ಅಂತ ಬರುತ್ತದೆ. ಶುರುವಾಗಿದ್ದು ಮಾತ್ರ ಎಷ್ಟೋ ವರ್ಷಗಳ ಹಿಂದೆ.

ಕಣಜದ ಮಾತನ್ನು ಗಟ್ಟಿ ಮಾಡುವ ಎರಡು ಪ್ರಯೋಗಗಳಿವೆ.

ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ಇದ್ದವರಿಗೆ ಚರ್ಮದ ಕೆಳಗೆ ಕೊಬ್ಬೇ ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಕೊಬ್ಬೇ ಎಲ್ಲದಕ್ಕೂ ಕಾರಣವಾಗಿದ್ದರೆ ಇವರು ಎಲ್ಲರಿಗಿಂತ ಆರೋಗ್ಯವಾಗಿರಬೇಕಿತ್ತು. ನಿಜದಲ್ಲಿ ಇವರಿಗೆ ಘೋರವಾದ ಮಧುಮೇಹ, ದೊಡ್ಡದಾದ ಫ್ಯಾಟಿ ಲಿವರ್, ವಿಪರೀತ ಟ್ರೈಗ್ಲಿಸರೈಡ್ ಇರುತ್ತದೆ. ಕಣಜವೇ ಇಲ್ಲದ ಮನೆ ಇದು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ 9 ಮಂದಿ ಹೆಣ್ಣುಮಕ್ಕಳಿಗೆ ನಾಲ್ಕು ತಿಂಗಳು ಲೆಪ್ಟಿನ್ ಕೊಟ್ಟರು. ಹಸಿವು ಹತೋಟಿಗೆ ಬಂತು. ಟ್ರೈಗ್ಲಿಸರೈಡ್ ಸರಾಸರಿ 60 ಶೇಕಡ ಇಳಿಯಿತು. ಲಿವರ್ ಗಾತ್ರವೂ ಕಡಿಮೆಯಾಯಿತು.

ಎರಡನೆಯದು ಇದರ ತಿರುವುಮುರುವು. ನಮ್ಮ ವೈದ್ಯರಿಬ್ಬರ ಚಿತ್ರ ಬಂದ 2004ರಲ್ಲೇ ಅಮೆರಿಕದಲ್ಲಿ ಬೊಜ್ಜಿದ್ದ 15 ಹೆಂಗಸರಿಗೆ ಲೈಪೊಸಕ್ಷನ್ ಮಾಡಿ ಹೊಟ್ಟೆಯ ಚರ್ಮದ ಕೆಳಗಿನ ಕೊಬ್ಬನ್ನು ಸುಮಾರು 10 ಕೆಜಿ ತೆಗೆದರು. ಸುಮಾರು ಮೂರು ತಿಂಗಳಾದ ಮೇಲೆ ನೋಡಿದರೆ ಇನ್ಸುಲಿನ್ ಕೆಲಸ ಸುಧಾರಿಸಿರಲಿಲ್ಲ. ಬಿಪಿಯೂ ಇಳಿಯಲಿಲ್ಲ. ಒಳಗಿನ ಕೊಬ್ಬು ಇದ್ದಲ್ಲೇ ಇತ್ತು. ಕಣಜ ಕೆಡವಿದರು, ಅಡುಗೆಮನೆಯ ಮೂಟೆಗಳನ್ನು ಮುಟ್ಟಲಿಲ್ಲ. ಲೈಪೊಸಕ್ಷನ್ ಮಾಡಿಸಿದರೆ ಶುಗರ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಈ 15 ಮಂದಿಯನ್ನು ನೆನಪಿಸಿಕೊಳ್ಳಿ.

ಯಾಜ್ಞಿಕ್ ಅವರ ಹುಟ್ಟುತೂಕ

ಈಗ ಬಿಟ್ಟ ಮಾತಿಗೆ ಬರುತ್ತೇನೆ. ನಮ್ಮವರ ಕಣಜ ಯಾಕೆ ಸಣ್ಣದು? ಜೀನ್‌ಗಳು ಒಂದು ಕಾರಣ ಇರಬಹುದು. ಆದರೆ ಯಾಜ್ಞಿಕ್ ತಮ್ಮ ಹುಟ್ಟುತೂಕವನ್ನು ಸುಮ್ನೆ ಬರೆದವರಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ ಅವರ ತಂಡ ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಬಸುರಿಯರನ್ನು ನೋಡಲು ಶುರು ಮಾಡಿತ್ತು. ಅಲ್ಲಿ ದಿನ ತುಂಬಿ ಹುಟ್ಟಿದ 631 ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಕೂಸುಗಳ ಜೊತೆ ಹೋಲಿಸಿದರು. ಪುಣೆಯ ಕೂಸುಗಳ ಸರಾಸರಿ ತೂಕ 2.7 ಕೆಜಿ. ಅಲ್ಲಿಯವರದ್ದು 3.5 ಕೆಜಿ. ತಲೆ, ತೋಳು, ಹೊಟ್ಟೆ ಎಲ್ಲ ಅಳತೆಯಲ್ಲೂ ನಮ್ಮ ಕೂಸುಗಳು ಸಣ್ಣವು. ಅತಿ ಕಡಿಮೆ ಹಿಂದೆ ಬಿದ್ದದ್ದು ಒಂದೇ ಅಳತೆಯಲ್ಲಿ. ಅದು ಬೆನ್ನಿನ ಮೇಲೆ, ರೆಕ್ಕೆಮೂಳೆಯ ಕೆಳಗಿನ ಕೊಬ್ಬಿನ ಮಡಿಕೆ. ಹೊಟ್ಟೆಯಲ್ಲಿದ್ದಾಗ ಪೋಷಣೆ ಸಾಲದೆ ಹೋದಾಗ ಕೂಸು ಮಾಂಸಖಂಡವನ್ನು ಬಿಟ್ಟುಕೊಟ್ಟಿದೆ. ಕೊಬ್ಬನ್ನು ಉಳಿಸಿಕೊಂಡಿದೆ. ನೋಡಲು ಸಣ್ಣ, ಒಳಗೆ ಕೊಬ್ಬು ಜಾಸ್ತಿ. ಮುಂದೆ ವೈದ್ಯರ ಚಿತ್ರದಲ್ಲಿ ಕಂಡದ್ದೂ ಇದೇ ತಾನೆ?

ಇದಕ್ಕೆ ಕರ್ನಾಟಕದ ಸಾಕ್ಷಿಯೂ ಇದೆ. ಮೈಸೂರಿನಲ್ಲಿ ಜನ ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಯಾರೋ ದಾದಿಯರು ದಿನದಿನವೂ ಬರೆದದ್ದು. ಅರವತ್ತು ವರ್ಷವಾದ ಮೇಲೆ ಅದು ಚಿನ್ನದಂಥ ದಾಖಲೆಯಾಯಿತು. ಸಂಶೋಧಕರು ಆ ಕೂಸುಗಳನ್ನು, ಅಂದರೆ ಈಗ ನಡುವಯಸ್ಸು ದಾಟಿದವರನ್ನು, ಮೈಸೂರಿನಲ್ಲೇ ಹುಡುಕಿದರು. 1996ರಲ್ಲಿ ಫಲಿತಾಂಶ ಬಂತು. 45 ವರ್ಷ ದಾಟಿದವರಲ್ಲಿ, ಹುಟ್ಟಿದಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಹೃದಯದ ಕಾಯಿಲೆ 11 ಶೇಕಡ. ಮೂರು ಕೆಜಿ ದಾಟಿ ಹುಟ್ಟಿದವರಲ್ಲಿ 3 ಶೇಕಡ.

ಮಧುಮೇಹದ ಕಥೆ ಅಷ್ಟು ಸರಳವಾಗಿ ಬರಲಿಲ್ಲ. ಮೈಸೂರಿನಲ್ಲಿ ಮಧುಮೇಹ ಜಾಸ್ತಿ ಕಂಡದ್ದು ಉದ್ದ ಕಡಿಮೆ ಇದ್ದು ಗುಂಡಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ. ಅಂದರೆ ಬಸುರಿಯಾಗಿದ್ದಾಗ ತಾಯಿಗೆ ಪೋಷಣೆ ಸಾಲದಿದ್ದರೂ ಕಷ್ಟ, ಶುಗರ್ ಹೆಚ್ಚಿದ್ದರೂ ಕಷ್ಟ. "ಎರಡು ಜೀವ ಕಣಮ್ಮಾ, ತಿನ್ನು" ಎಂದು ತಟ್ಟೆಗೆ ಮತ್ತೆ ಮತ್ತೆ ಅನ್ನ ಹಾಕುವುದು ಪ್ರೀತಿಯೇ. ಆದರೆ ಬೇಕಾದದ್ದು ಇನ್ನೊಂದು ಸೌಟು ಅನ್ನವಲ್ಲ. ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ ಮತ್ತು ಸಮಯಕ್ಕೆ ಸರಿಯಾಗಿ ಶುಗರ್ ಪರೀಕ್ಷೆ.

ಅದೇ ಆಸ್ಪತ್ರೆಯಲ್ಲಿ 1997ರಿಂದ ಹೊಸ ತಲೆಮಾರಿನ ಅಧ್ಯಯನ ಶುರುವಾಯಿತು. ಜಿ.ವಿ. ಕೃಷ್ಣವೇಣಿ ಮತ್ತವರ ಜೊತೆಯವರು 2005ರಲ್ಲಿ ಬರೆದ ಪ್ರಕಾರ ಮೈಸೂರಿನ ಕೂಸುಗಳಲ್ಲೂ ಬೆನ್ನಿನ ಕೊಬ್ಬು ಹುಟ್ಟುವಾಗಲೇ ಉಳಿದುಕೊಂಡಿತ್ತು. ನಾಲ್ಕು ವರ್ಷವಾದಾಗ ಮಕ್ಕಳು ಎತ್ತರ, ತೂಕದಲ್ಲಿ ಚಿಕ್ಕವರಾಗಿಯೇ ಇದ್ದರು. ಬೆನ್ನಿನ ಕೊಬ್ಬು ಮಾತ್ರ ಹೋಲಿಕೆಗೆ ಇಟ್ಟುಕೊಂಡ ಹೊರದೇಶದ ಮಕ್ಕಳ ಅಳತೆಯನ್ನು ದಾಟಿತ್ತು. ನಾಲ್ಕು ವರ್ಷದ ಮಗು! ಜಂಕ್ ಫುಡ್ ತಿಂದು ಬಂತು ಅನ್ನಲು ಆಗುತ್ತದೆಯೇ?

ಹಾಗಾಗಿ ಸಣ್ಣಗಿದ್ದವರಿಗೆ ಶುಗರ್ ಬಂದಾಗ "ನೀನು ಸಿಹಿ ತಿಂದೆ, ಅದಕ್ಕೇ ಬಂತು" ಎಂದು ಮನೆಯವರು ದೂರುವುದನ್ನು ಕೇಳಿದರೆ ನನಗೆ ನೋವಾಗುತ್ತದೆ. ಕಣಜದ ಅಳತೆ ಅವರು ಹುಟ್ಟುವ ಮೊದಲೇ ಬಹುಪಾಲು ನಿರ್ಧಾರವಾಗಿರಬಹುದು.

ಮೂಟೆ ಖಾಲಿ ಮಾಡಬಹುದೇ

ಮಾಡಬಹುದು. ಇದಕ್ಕೆ ಒಳ್ಳೆಯ ಪುರಾವೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅವರದ್ದು. 2011ರಲ್ಲಿ ಅವರು 11 ಮಂದಿ ಮಧುಮೇಹಿಗಳಿಗೆ ಎಂಟು ವಾರ ದಿನಕ್ಕೆ 600 ಕ್ಯಾಲೊರಿಯಷ್ಟು ಮಾತ್ರ ಆಹಾರ ಕೊಟ್ಟರು. ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಶುಗರ್ ಸಾಧಾರಣಕ್ಕೆ ಬಂತು. ಎಂಟು ವಾರದಲ್ಲಿ ಲಿವರ್ ಕೊಬ್ಬು 12.8 ಶೇಕಡದಿಂದ 2.9ಕ್ಕೆ ಇಳಿಯಿತು. ಪ್ಯಾಂಕ್ರಿಯಾಸ್ ನಿಧಾನವಾಗಿ ಚೇತರಿಸಿಕೊಂಡಿತು.

ನಮ್ಮ ಪ್ರಕರಣಕ್ಕೆ ಹತ್ತಿರವಾದದ್ದು ಅವರ ಇನ್ನೊಂದು ಅಧ್ಯಯನ. 2023ರಲ್ಲಿ ಪ್ರಕಟವಾಯಿತು. ಇದರಲ್ಲಿ ಇದ್ದವರು ದಪ್ಪ ಇಲ್ಲದ 20 ಮಂದಿ ಮಧುಮೇಹಿಗಳು, ಸರಾಸರಿ ಬಿಎಂಐ 24.8. ಇವರಿಗೂ ತೂಕ ಇಳಿಸಿದರು. ಬಿಎಂಐ 22.5ರ ಆಸುಪಾಸಿಗೆ ಬಂತು. 20ರಲ್ಲಿ 14 ಜನರಿಗೆ ಮಾತ್ರೆ ಇಲ್ಲದೆಯೇ ಶುಗರ್ ಹತೋಟಿಯಲ್ಲಿ ನಿಂತಿತು. ಒಬ್ಬೊಬ್ಬರಿಗೂ ಒಂದೊಂದು ಮಿತಿ ಇದೆ, ಅದನ್ನು ದಾಟಿದರೆ ಕೊಬ್ಬು ಒಳಗೆ ಚೆಲ್ಲುತ್ತದೆ ಎಂಬುದು ಟೇಲರ್ ಅವರ ವಾದ. ನೆರೆಮನೆಯವರಿಗೆ 90 ಕೆಜಿಯಲ್ಲೂ ಏನೂ ಆಗದಿರಬಹುದು. ನಿಮಗೆ 66 ಕೆಜಿಯೇ ಜಾಸ್ತಿಯಾಗಿರಬಹುದು.

ಇದನ್ನು ಓದಿ ನಾಳೆಯಿಂದಲೇ ಮಾತ್ರೆ ಬಿಟ್ಟು ಉಪವಾಸ ಕೂರಬೇಡಿ, ದಯವಿಟ್ಟು. ಈ ಅಧ್ಯಯನಗಳೆಲ್ಲ ವೈದ್ಯರ ಕಣ್ಣೆದುರು ನಡೆದವು. ಮಧುಮೇಹ ಬಂದು ಹಲವು ವರ್ಷವಾದವರಿಗೆ ಇಷ್ಟು ಫಲ ಸಿಗುವುದಿಲ್ಲ. ತೂಕ ಮತ್ತೆ ಏರಿದರೆ ಶುಗರ್ ಕೂಡ ವಾಪಸ್ ಬರುತ್ತದೆ. ಮತ್ತೆ ಸಣ್ಣಗಿರುವವರು ಬರೀ ಊಟ ಕಡಿಮೆ ಮಾಡಿದರೆ ಇರುವ ಮಾಂಸಖಂಡವೂ ಕರಗುತ್ತದೆ. ನಮ್ಮವರಿಗೆ ಅದು ಮೊದಲೇ ಕಡಿಮೆ. ಹಾಗಾಗಿ ಬರೀ ವಾಕಿಂಗ್ ಸಾಲದು, ಭಾರ ಎತ್ತುವ, ಬಸ್ಕಿ ಹೊಡೆಯುವಂಥ ವ್ಯಾಯಾಮವೂ ಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಹೆಂಗಸರಿಗೂ, ವಯಸ್ಸಾದವರಿಗೂ ಅವರವರ ಮೈಗೆ ಆಗುವಷ್ಟು.

ಇನ್ನು ಅಳತೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅದೇ ಸಮೀಕ್ಷೆಯಲ್ಲಿ ಬಿಎಂಐ ಲೆಕ್ಕದಲ್ಲಿ ಬೊಜ್ಜು ಇದ್ದವರು 28.6 ಶೇಕಡ. ಹೊಟ್ಟೆಯ ಬೊಜ್ಜು ಇದ್ದವರು 39.5 ಶೇಕಡ. ಈ ಎರಡು ಸಂಖ್ಯೆಗಳ ನಡುವೆ ಕೋಟಿಗಟ್ಟಲೆ ಜನ ಇದ್ದಾರೆ. ತೂಕದ ಯಂತ್ರ ಇವರನ್ನು ಬೊಜ್ಜಿನವರಲ್ಲಿ ಸೇರಿಸುವುದಿಲ್ಲ. ಹೊಟ್ಟೆಯ ಸುತ್ತಳತೆ ಬೇರೆಯದನ್ನೇ ಹೇಳುತ್ತದೆ. ಡೆಕ್ಸಾ ಸ್ಕ್ಯಾನ್ ಎಲ್ಲರಿಗೂ ಸಿಗುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ಟೈಲರ್ ಟೇಪ್ ಸಾಕು.

ಪ್ಯಾಂಟ್ ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಅದು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಟೇಪ್ ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟು ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಟೇಪ್ ಇಲ್ಲವಾದರೆ ನಿಮ್ಮ ಎತ್ತರದಷ್ಟು ಒಂದು ದಾರ ತೆಗೆದುಕೊಳ್ಳಿ. ಅದನ್ನು ಎರಡು ಮಡಿಕೆ ಮಾಡಿ ಹೊಟ್ಟೆಗೆ ಸುತ್ತಿ. ತುದಿಗಳು ಕೂಡದಿದ್ದರೆ ತೂಕ ಎಷ್ಟೇ ಇರಲಿ, ಒಮ್ಮೆ ಶುಗರ್, ಬಿಪಿ, ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸಿ. ಉಡುದಾರ ಕಟ್ಟುವವರಿಗೆ ಇದು ಹೊಸದಲ್ಲ. ತೂಕ ಅಷ್ಟೇ ಇದ್ದರೂ ಉಡುದಾರದ ಗಂಟನ್ನು ಸಡಿಲ ಮಾಡಿ ಮತ್ತೆ ಕಟ್ಟಿಕೊಂಡದ್ದು ಯಾವ ವರ್ಷ ಅಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ.